ಆರನೆಯ ಹಿಡಿ

ಶವಪೆಟ್ಟಿಗೆಯ ಹಿಂಬದಿಯ ಎಡ ಹಿಡಿಗೆ ಆರ್ವಲ್ ಕೈ ಹಾಕಿದ್ದೇ ತಡ, ಅವನ ಮುಂದಿನ ಹಿಡಿಯಲ್ಲಿದ್ದ ಊರಿನ ಪೊಲೀಸ್ ಮುಖ್ಯಸ್ಥನಾಗಿದ್ದ ಮುದಿ ಶೆರಿಫ್ ಡಾಯ್ಲ್ ತಿರುಗಿ ನೋಡಿದ.

"ನಿನ್ನ ಕೋಟು ತಡವಿ ನೋಡ್ಬೇಕೇನೋ?"

"ನೋಡ್ಕೋ. ಈ ಸಲ ಬರಿಗೈಲಿ ಬಂದಿದೀನಿ."

"ಆವತ್ತು ಅವರ ಮಂಡಿ ಪುಡಿ ಮಾಡ್ದೆ, ಇವತ್ತು ಹೊರೋಕೆ ಬಂದಿದೀಯ. ನಾಚಿಕೆ ಅನ್ನೋದು ಬೇಡ್ವಾ?"

"ನಾನೇನು ಕೇಳ್ಕೊಂಡು ಬಂದ್ನಾ? ನಿಮ್ಮ ದೊಡ್ಡಮನುಷ್ಯನೇ ಬರೆದಿಟ್ಟಿದ್ದು."

ಅದು ನಿಜ. ಚುನಾವಣೆಗಳಲ್ಲಿ ಗೆದ್ದು ಹದಿನಾರು ವರ್ಷ ರಾಜ್ಯದ ಮುಖ್ಯ ಸರ್ಕಾರಿ ವಕೀಲ, ಅಟಾರ್ನಿ ಜನರಲ್ ಆಗಿದ್ದ ಥರ್ಮನ್ ಕೀಸ್ಲರ್, ತನ್ನನ್ನು ಹೊರಬೇಕಾದ ಆರು ಜನರ ಹೆಸರನ್ನು ತಾನೇ ಬರೆದಿಟ್ಟು ಸತ್ತಿದ್ದ. ಆರನೆಯ ಹೆಸರು ಆರ್ವಲ್ ಪೇಸ್. ಗಡಿಗೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು. ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಹಂದಿಮಾಂಸ ಕೊಯ್ಯುತ್ತಿದ್ದ ಹೆಂಗಸರು ಬೆಳಗಿನಿಂದ ಇದನ್ನೇ ಕೊಯ್ಯುತ್ತಿದ್ದರು.

ಶವಸಂಸ್ಕಾರದವರು ಆರು ಜನಕ್ಕೂ ಬಿಳಿ ಕೈಗವಸು ಕೊಟ್ಟಿದ್ದರು. ಆರ್ವಲ್‌ನ ಬಿಳಿ ಅಂಗಿ ಪಕ್ಕದ ಮನೆಯವನದು. ಅವನು ಬಂದದ್ದು ಒಂದೇ ಒಂದು ಉತ್ತರಕ್ಕಾಗಿ. ಮೂವತ್ತು ವರ್ಷದ ಹಿಂದೆ ಈ ಮನುಷ್ಯ ನನ್ನನ್ನೇಕೆ ಉಳಿಸಿದ?

*

ಅದಕ್ಕೂ ಹಿಂದಿನ ವರ್ಷ ಆರ್ವಲ್‌ನ ತಮ್ಮ ಡೆಲ್‌ನನ್ನು ಹಿಡಿದದ್ದು ಧಾನ್ಯದ ಉಗ್ರಾಣದ ಕಾವಲುಗಾರನನ್ನು ಸುತ್ತಿಗೆಯಿಂದ ಹೊಡೆದು ಕೊಂದನೆಂದು. ತಲೆಬುರುಡೆ ಒಡೆದು ಮಿದುಳು ಗೋಧಿಯಲ್ಲಿ ಬೆರೆತಿತ್ತಂತೆ. ಸುತ್ತಿಗೆ ಮಾತ್ರ ಸಿಗಲಿಲ್ಲ. ಆ ಸಂಜೆ ಡೆಲ್ ಕುಡಿದು ಅಲ್ಲೇ ಬಿದ್ದಿದ್ದ, ಮೈಮೇಲೆ ರಕ್ತವಿತ್ತು. ಅಷ್ಟು ಸಾಕಾಯಿತು.

ಕೊನೆಯ ಭೇಟಿಯಲ್ಲಿ ಗಾಜಿನ ಆಚೆಯಿಂದ ಅವನು ಹೇಳಿದ. "ನಾನಲ್ಲ ಕಣಣ್ಣ."

"ದೇವರ ಹತ್ರ ಹೋಗೋನು ಸುಳ್ಳು ಹೇಳ್ಬೇಡ್ವೋ," ಎಂದ ಆರ್ವಲ್.

ಡೆಲ್ ಗಾಜಿಗೆ ಬೆನ್ನು ಹಾಕಿ ಒಳಗೆ ನಡೆದ. ಅಕ್ಟೋಬರ್ ಇಪ್ಪತ್ತರಂದು ಅವನನ್ನು ಮರಣದಂಡನೆಯ ವಿದ್ಯುತ್ ಕುರ್ಚಿಗೆ ಕೂರಿಸಿದರು. ಮೊದಲ ಸಲಕ್ಕೆ ಜೀವ ಹೋಗಲಿಲ್ಲ. ಚರ್ಮದ ಪಟ್ಟಿಗಳಿಂದ ಹೊಗೆ ಬರುತ್ತಿದ್ದರೂ ಎದೆ ಏರಿ ಇಳಿಯುತ್ತಿತ್ತು. ಮತ್ತೆ ಕರೆಂಟು ಕೊಟ್ಟರು. ಅಲ್ಲೇ ನಿಂತು ನೋಡಿದ ಕೀಸ್ಲರ್ ಹೊರಗೆ ಬಂದು, "ರಾಜ್ಯ ತನ್ನ ಮಾತು ಉಳಿಸಿಕೊಂಡಿದೆ," ಎಂದು ಪತ್ರಿಕೆಯವರಿಗೆ ಹೇಳಿದ. ಎರಡು ವಾರಕ್ಕೆ ಚುನಾವಣೆ. ಭಾರೀ ಬಹುಮತದಿಂದ ಗೆದ್ದ.

ತಪ್ಪು ಮಾಡಿದ್ದರೂ ಮಾಡಿರಲಿ, ನನ್ನ ತಮ್ಮನನ್ನು ಎರಡು ಸಲ ಸುಡಬೇಕಾಗಿತ್ತೇ? ಮುಂದಿನ ಬೇಸಿಗೆಯಲ್ಲಿ ನ್ಯಾಯಾಲಯದ ಹಿಂದಿನ ಓಣಿಯಲ್ಲಿ ಆರ್ವಲ್ ಕೀಸ್ಲರ್‌ನನ್ನು ಅಡ್ಡಗಟ್ಟಿದ. ಮುಖಕ್ಕೂ ಮುಖಕ್ಕೂ ಒಂದು ಮೊಳ. ಎದೆಗೆಂದು ಎತ್ತಿದ ಪಿಸ್ತೂಲು ಕೈಯಲ್ಲಿ ಜಾರಿ ಗುಂಡು ಮಂಡಿಗೆ ಹೊಕ್ಕಿತು. ಮೂಳೆಯ ಚೂರು ಪ್ಯಾಂಟು ಹರಿದು ಹೊರಬಂತು. ಬಿದ್ದವನು ಆರ್ವಲ್‌ನ ಮುಖವನ್ನೇ ನೋಡಿದ.

ವಿಚಾರಣೆಯ ದಿನ ಕೀಸ್ಲರ್ ಕಟಕಟೆಯಲ್ಲಿ ಊರುಗೋಲು ಊರಿ ನಿಂತು, "ಹೊಡೆದವನ ಮುಖ ನಾನು ನೋಡಲಿಲ್ಲ," ಎಂದುಬಿಟ್ಟ. ಆರ್ವಲ್‌ನ ಬಿಡುಗಡೆಯಾಯಿತು.

*

ಗುಂಡಿಯ ಮೇಲೆ ಬಿಗಿದಿದ್ದ ಪಟ್ಟಿಗಳ ಮೇಲೆ ಪೆಟ್ಟಿಗೆ ಇಟ್ಟರು. ಪಾದ್ರಿ ಪುಸ್ತಕ ತೆರೆಯುವಷ್ಟರಲ್ಲಿ, ಅಧಿಕಾರದಲ್ಲಿದ್ದಾಗಲೂ ಆಮೇಲೂ ಸೇರಿ ಇಪ್ಪತ್ತೆಂಟು ವರ್ಷ ಕೀಸ್ಲರ್‌ನ ಕಾರ್ಯದರ್ಶಿಯಾಗಿದ್ದ ವೆರ್ನಾ ಹುಲ್ಲಿನ ಮೇಲೆ ನಡೆದು ಬಂದು ಆರ್ವಲ್‌ಗೆ ಒಂದು ಹಳೆಯ ಲಕೋಟೆ ಕೊಟ್ಟಳು.

"ಓದು. ಇಲ್ಲೇ, ಈಗಲೇ."

ಪೆನ್ಸಿಲಿನಲ್ಲಿ ಬರೆದ ಕಾಗದ. ಜೈಲಿನಲ್ಲಿದ್ದ ಇನ್ನೊಬ್ಬ ಕೈದಿಯದು. ಕಾವಲುಗಾರನ್ನ ಹೊಡೆದದ್ದು ನಾನು, ಡೆಲ್ ಪೇಸ್ ಅಲ್ಲ. ಸುತ್ತಿಗೆ ಉಗ್ರಾಣದ ಹಿಂದಿನ ಹಾಳುಬಾವಿಯಲ್ಲಿದೆ. ಲಕೋಟೆಯ ಮೇಲೆ ಕಚೇರಿಯ ಮುದ್ರೆ: ಬಂದದ್ದು ಅಕ್ಟೋಬರ್ ಒಂಬತ್ತು.

ಒಂಬತ್ತು. ಆರ್ವಲ್ ಮತ್ತೆ ಓದಿದ.

"ಚುನಾವಣೆ ಮುಗಿಯೋವರೆಗೂ ಜೈಲಿನ ಕಾಗದ ಯಾವುದನ್ನೂ ಒಡೀಬೇಡ ಅಂತ ಅವರದೇ ಅಪ್ಪಣೆ," ಎಂದಳು ವೆರ್ನಾ. "ಎಲ್ಲಾ ಒಂದು ಚೀಲಕ್ಕೆ ತುಂಬ್ತಿದ್ವಿ. ಚೀಲದ ಬಾಯಿ ಕಟ್ಟಿದ್ದು ನಾನೇ. ಒಡೆದಿದ್ದು ನವೆಂಬರ್‌ನಲ್ಲಿ."

"ಬಾವಿ?"

"ಗುಟ್ಟಾಗಿ ಇಳಿಸಿ ನೋಡ್ಸಿದ್ರು. ಇತ್ತು."

"ಆಮೇಲೂ ಅಧಿಕಾರದ ಕುರ್ಚೀಲಿ ಕೂತಿದ್ನಾ?"

"ಕೂತಿದ್ರು. ನಾನೂ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೆ."

"ಇದನ್ನ ಸತ್ತ ಮೇಲೆ ಕೊಡ್ತೀರೇನಮ್ಮಾ?"

"ಬದುಕಿರೋವಾಗ ಧೈರ್ಯ ಬರ್ಲಿಲ್ಲ ಅವರಿಗೆ. ಮಣ್ಣಿಗಿಳಿಸೋಕೆ ಮುಂಚೆ ಕೊಡು, ಆಮೇಲೆ ಅವನಿಗೆ ಹೊಡೆಯೋಕೆ ಯಾರೂ ಸಿಗಲ್ಲ ಅಂದಿದ್ರು. ಅದಕ್ಕೇ ನಿನ್ನ ಹೆಸರು ಬರೆದಿದ್ದು."

ಆರ್ವಲ್ ಮುಷ್ಟಿ ಎತ್ತಿ ಪೆಟ್ಟಿಗೆಗೆ ಗುದ್ದಿದ. ಹೂಗುಚ್ಛ ಹಾರಿ ಗುಂಡಿಗೆ ಬಿತ್ತು. ಪಾದ್ರಿ ಹಿಂದೆ ಸರಿದ. ಎರಡನೆಯ ಏಟಿಗೆ ಮುಚ್ಚಳ ಸೀಳಿತು, ಸಿಬಿರುಗಳು ಕೈಗವಸು ತೂರಿ ಗೆಣ್ಣುಗಳಿಗೆ ನಾಟಿದವು. ಡಾಯ್ಲ್ ಹಿಡಿಯಲು ನುಗ್ಗಿದ.

"ಬಿಡು ಅವನನ್ನ!" ವೆರ್ನಾ ಅರಚಿದಳು. "ಹೊಡೀಲಿ ಬಿಡೋ!"

ಮೂರನೆಯ ಏಟಿಗೆ ಬೆರಳಿನ ಮೂಳೆ ಲಟಕ್ಕೆಂದಿತು. ಸೀಳಿನಿಂದ ಒಳಗಿನ ಬಿಳಿ ರೇಷ್ಮೆ ಕಾಣುತ್ತಿತ್ತು. ಆರ್ವಲ್ ನಾಲ್ಕನೆಯದಕ್ಕೆ ಕೈ ಎತ್ತಿದ, ಅದು ಗಾಳಿಯಲ್ಲೇ ನಿಂತಿತು.

"ನಾನಲ್ಲ ಅಂದಿದ್ದ," ಎಂದ. "ನನ್ ಹತ್ರ ಹೇಳಿದ್ದ ಕಣೋ ಡಾಯ್ಲ್. ನನ್ ಹತ್ರಾನೇ."

ಆ ಏಟನ್ನು ತನ್ನ ಎದೆಗೇ ಹಾಕಿಕೊಂಡ.

ಉಳಿದ ಐವರು ಪದ್ಧತಿಯಂತೆ ಕೈಗವಸು ಬಿಚ್ಚಿ ಒಡೆದ ಮುಚ್ಚಳದ ಮೇಲೆ ಇಟ್ಟರು. ಪೆಟ್ಟಿಗೆ ಕೆಳಗಿಳಿಯಿತು. ಆರ್ವಲ್‌ನ ಬಲಗೈ ಊದಿ ಕೈಗವಸು ಬಿಚ್ಚಲು ಬರುವಂತಿರಲಿಲ್ಲ. ಅವನು ಗೇಟಿನ ಕಡೆ ನಡೆದ. ಪಕ್ಕದ ಮನೆಯವನ ಬಿಳಿ ಅಂಗಿಯ ಎಡಗಡೆ ನಾಲ್ಕು ಗೆಣ್ಣುಗಳ ಕೆಂಪು ಗುರುತು ಮೂಡಿತ್ತು.