ಗಾಜಿನ ಕಪಾಟಿನಲ್ಲಿ ಒಂದು ಟ್ಯಾಬ್

ನಾನು ಒಂದು ಟ್ಯಾಬ್. ಧೂಳಿನ ಕಣವೂ ಸುಳಿಯದ ಕಾರ್ಖಾನೆಯಲ್ಲಿ ಹುಟ್ಟಿ, ಕೊಪ್ಪಳದ ಕಡೆಯ ಧೂಳು ತುಂಬಿದ ಪ್ರೌಢಶಾಲೆಯೊಂದಕ್ಕೆ ಬಂದೆ.

ಗಣಿತದ ನಸೀಮಾ ಟೀಚರ್ ನನ್ನನ್ನು ಹತ್ತನೆಯ ತರಗತಿಯ ಹುಲಿಗೆಮ್ಮನ ಡೆಸ್ಕಿನ ಮೇಲೆ, ಬೋರ್ಡಿಗೆ ಎದುರಾಗಿ ನಿಲ್ಲಿಸಿದರು. ಆ ಹುಡುಗಿಗೆ ಹುಟ್ಟಿನಿಂದ ದೃಷ್ಟಿ ಮಂದ, ಕನ್ನಡಕದಿಂದಲೂ ಸರಿಹೋಗದಷ್ಟು. ನನ್ನ ಕ್ಯಾಮೆರಾ ತೋರಿಸಿದ್ದನ್ನು ಅವಳು ಎರಡು ಬೆರಳಿನಿಂದ ಹಿಗ್ಗಿಸಿದಳು.

“ಅಯ್ಯ ಟೀಚರ್, ಇಲ್ಲೊಂದು ಮೈನಸ್ ಐತ್ರೀ!”

“ದಿನಾ ಇರ್ತೈತಿ ತಾಯಿ.”

“ಅದಕ್ಕ ನನ್ನ ಲೆಕ್ಕೆಲ್ಲ ತಪ್ಪತಿದ್ವು ನೋಡ್ರಿ!”

ಕ್ಲಾಸಿಗೆ ಕ್ಲಾಸೇ ನಕ್ಕಿತು. ಪಾಸಾದರೆ ಕಾಲೇಜಿಗೆ ಕಳಿಸುವೆ ಎಂದು ಅವಳ ಅಪ್ಪ ಮಾತು ಕೊಟ್ಟಿದ್ದ. ಗಣಿತವೊಂದೇ ಅಡ್ಡ ನಿಂತಿತ್ತು.

ಆದರೆ ಊಟಕ್ಕೆ ಮುಂಚಿನ ಆ ಪಾಠದ ನಡುವೆಯೇ ಹೆಡ್‌ಮಾಸ್ಟರ್ ಕಳಕಪ್ಪನವರು ಬಾಗಿಲಿಗೆ ಬರುತ್ತಿದ್ದರು. “ಟೀಚರ್, ಅದನ್ನ ಕೊಡ್ರಿ ಇತ್ಲಾಗ. ತತ್ತಿ ಫೋಟೊ ಹೋಗಬೇಕು.”

“ಪಾಠ ನಡದೈತ್ರೀ ಸರ.”

“ಪಾಠ ನಾಳಿನೂ ಆಕ್ಕೈತಿ. ಫೋಟೊ ಇವತ್ತೇ ಹೋಗಬೇಕು.”

ಹಸಿದ ಮಕ್ಕಳು ಬಿಸಿಯೂಟದ ಮೊಟ್ಟೆಯನ್ನು ಎತ್ತಿ ಹಿಡಿದು ನಿಲ್ಲಬೇಕು, ಮೊಟ್ಟೆ ಕೊಟ್ಟದ್ದಕ್ಕೆ ಸಾಕ್ಷಿಯಾಗಿ ಮೇಲಿನವರಿಗೆ ಕಳಿಸಲು ನಾನು ಚಿತ್ರ ತೆಗೆಯಬೇಕು. ನೆಟ್‌ವರ್ಕ್ ಸಿಗುವುದು ಮಾಳಿಗೆಯ ಮೇಲೆ ಮಾತ್ರ. ನಾನು ಅಲ್ಲಿ ಬಿಸಿಲಿಗೆ ಬೇಯುವಾಗ ಕೆಳಗೆ ಹುಲಿಗೆಮ್ಮ ಮಸುಕು ಬೋರ್ಡನ್ನು ದಿಟ್ಟಿಸುತ್ತಿದ್ದಳು.

ಒಮ್ಮೆ ಹೆಡ್‌ಮಾಸ್ಟರು ನನ್ನನ್ನು ಹಿಡಿದ ಹುಲಿಗೆಮ್ಮನ ಫೋಟೊವನ್ನು ತಮ್ಮ ಫೋನಿನಲ್ಲಿ ತೆಗೆದು ಮೇಲಿನವರಿಗೆ ಕಳಿಸಿದರು. ಟ್ಯಾಬಿನಲ್ಲಿ ಪಾಠ ಕಲಿಸಿದ್ದಕ್ಕೆಂದು ಶಾಲೆಗೆ ಪ್ರಶಸ್ತಿ ಬಂತು. ನಾನು ಆಫೀಸಿನ ಗಾಜಿನ ಕಪಾಟು ಸೇರಿದೆ. ಮೊಟ್ಟೆಗಳ ಫೋಟೊವನ್ನು ಈಗ ಅವರ ಫೋನೇ ತೆಗೆಯುತ್ತಿತ್ತು. ಮೊದಲೇ ತೆಗೆಯಬಹುದಿತ್ತಲ್ಲ!

“ಸರ, ಗಣಿತ ಕ್ಲಾಸಿಗಷ್ಟ ಕೊಡ್ರೀ,” ಎಂದು ಹುಲಿಗೆಮ್ಮ ಬಾಗಿಲಲ್ಲಿ ನಿಲ್ಲುತ್ತಿದ್ದಳು.

“ಪ್ರಶಸ್ತಿ ತಂದದ್ದವ್ವ ಅದು. ಒಡದ್ರ ಯಾರು ಉತ್ತರ ಕೊಡೋರು?”

ಬಂದವರ ಕಣ್ಣಿಗೆ ಬೆಳಗಲೆಂದು ನನ್ನನ್ನು ಹಗಲೂ ರಾತ್ರಿ ಚಾರ್ಜಿಗೆ ಹಾಕಿಯೇ ಇಟ್ಟರು. ಸದಾ ತುಂಬಿ, ಸದಾ ಬಿಸಿಯಾಗಿರುವ ಬ್ಯಾಟರಿ ಬೇಗ ಸಾಯುತ್ತದೆ. ಬೇಸಿಗೆ ರಜೆಯಲ್ಲಿ, ಯಾರೂ ನೋಡದಾಗ, ನಾನು ಆರಿಹೋದೆ.

ಹುಲಿಗೆಮ್ಮ ಗಣಿತದಲ್ಲಿ ಫೇಲಾದಳು. ಮತ್ತೊಮ್ಮೆ ಪರೀಕ್ಷೆಗೆ ಓದಿಸಲು ನಸೀಮಾ ಟೀಚರ್ ಅವಳನ್ನು ಕರೆದುಕೊಂಡು ನೇರ ಆಫೀಸಿಗೆ ಬಂದರು. “ಉತ್ತರ ನಾ ಕೊಡತೇನ್ರಿ ಸರ,” ಎಂದು ಕಪಾಟು ತೆರೆದು ನನ್ನನ್ನು ಅವಳ ಕೈಗಿಟ್ಟರು. ನನ್ನ ಬೆನ್ನು ಉಬ್ಬಿತ್ತು. ಕಪ್ಪು ಪರದೆಯ ಮೇಲೆ ಅವಳು ಎರಡು ಬೆರಳಾಡಿಸಿದಳು. ಮತ್ತೆ ಆಡಿಸಿದಳು.

“ನೋಡ್ರಿ, ಕೈ ಹಚ್ಚಿದ ಕೂಡ್ಲೆ ಕೆಡಿಸಿದ್ಲು!” ಎಂದರು ಹೆಡ್‌ಮಾಸ್ಟರು.

“ತಪ್ಪಾತ್ರೀ ಸರ,” ಎಂದಳು ಹುಲಿಗೆಮ್ಮ.

ಈಗ ಸ್ಟೋರ್ ರೂಮಿನಲ್ಲಿ ಮುರಿದ ಬೆಂಚುಗಳ ಅಡಿಯಲ್ಲಿ ಬಿದ್ದಿದ್ದೇನೆ. ಕೆಟ್ಟು ಬಿದ್ದದ್ದಕ್ಕೆ ನನಗೆ ಬೇಸರವಿಲ್ಲ. ಆ ಹುಡುಗಿಯ ಬಾಯಲ್ಲಿ ‘ತಪ್ಪಾತ್ರೀ’ ಎಂಬ ಮಾತು ಬಂತಲ್ಲ, ಅದಕ್ಕೆ ಮೈಯೆಲ್ಲ ಉರಿಯುತ್ತದೆ. ಅದನ್ನು ಆಡಬೇಕಾದ ಬಾಯಿ ಬೇರೆಯೇ ಇತ್ತು. ಕಪಾಟು ಖಾಲಿ ಕಾಣುತ್ತದೆಂದು ಆ ಬಾಯಿ ಆಗಲೇ ಹೊಸ ಟ್ಯಾಬಿಗೆ ಅರ್ಜಿ ಬರೆಸುತ್ತಿತ್ತು.