ಅರಬ್ಬಿಯಲ್ಲಿ ಕೂಗಿದವಳು

"ಅಬೂ ಸಾಸೂನ್! ಎಲ್ಲಿ ಹೋದ್ರಿ? ಹೊತ್ತು ಮುಳುಗ್ತು, ಬನ್ನಿ!"

ಖಾತೂನ್ ಎರಡನೇ ಸಲ ಕೂಗಿದಾಗ ಬೆನ್ನ ಹಿಂದೆ ಬಂದೂಕಿನ ಕೀಲು ಎಳೆದ ಸದ್ದಾಯಿತು.

ಆಕೆ ಕೂಗಿದ್ದು ಅರಬ್ಬಿಯಲ್ಲಿ. ಬಾಗ್ದಾದು ಬಿಟ್ಟು ಇಸ್ರೇಲಿನ ಈ ಡೇರೆಗಳ ಸಾಲಿಗೆ ಬಂದಿಳಿದ ಮೇಲೂ ಗಂಡನನ್ನು ಕರೆಯಲು ಆಕೆಗೆ ಬೇರೆ ಭಾಷೆ ಇರಲಿಲ್ಲ. ಗಂಡ ಗುರ್ಜಿ, ಮಗ ಸಾಸೂನನ ಅಪ್ಪನಾದ್ದರಿಂದ ಆಕೆಗೆ ‘ಅಬೂ ಸಾಸೂನ್’, ಒಲೆಗೆ ಪುಳ್ಳೆ ತರಲೆಂದು ಎದುರಿನ ಕಿತ್ತಳೆ ತೋಟ ಹೊಕ್ಕಿದ್ದ. ತೋಟದಾಚೆ ಗಡಿ, ಅದರಾಚೆ ಅರಬ್ಬರ ನೆಲ. ಹಿಂದಿನ ವಾರ ಅಲ್ಲೇ ಒಬ್ಬನನ್ನು, ಗಡಿ ದಾಟಿ ಬಂದವನೆಂದು, ಹೊಡೆದುಹಾಕಿದ್ದರು. ಅವನ ಮುಖ ನೋಡಲು ಯಾರನ್ನೂ ಬಿಟ್ಟಿರಲಿಲ್ಲ.

ತಿರುಗಿ ನೋಡಿದರೆ ಕಾವಲಿನ ಝೆಲಿಗ್. ಪೋಲೆಂಡಿನಿಂದ ಬಂದವನು. ಯುರೋಪಿನ ಯಹೂದಿಗಳ ಯಿಡ್ಡಿಷ್ ಭಾಷೆಯಲ್ಲಿ ಏನೋ ಗದರಿಸಿದ. ಖಾತೂನಳಿಗೆ ಒಂದಕ್ಷರವೂ ತಿಳಿಯಲಿಲ್ಲ. ಕೊನೆಗೆ ಇಬ್ಬರಿಗೂ ಅರೆಬರೆ ಬರುತ್ತಿದ್ದ ಹೀಬ್ರೂಗೆ ಇಳಿದ.

"ಯಾರು ನೀನು?"

"ಯಹೂದಿ. ಆ ಕೊನೇ ಡೇರೆಯವಳು."

"ಯಹೂದಿ ಅಂತೀಯ, ಯಿಡ್ಡಿಷ್ ಬರಲ್ವಾ? ಯಿಡ್ಡಿಷ್ ಬರದ ಯಹೂದೀನ ಎಲ್ಲಾದ್ರೂ ಕಂಡಿದೀಯ?"

"ನಮ್ಮೂರಲ್ಲಿ ಧರ್ಮಗುರು ರಬ್ಬಿಗೂ ಬರಲ್ಲಪ್ಪ. ನಮ್ಮಜ್ಜಿ ದೇವರ ಹತ್ರ ಜಗಳ ಆಡ್ತಿದ್ದಿದ್ದೂ ಅರಬ್ಬಿಲೇ."

ನಗಲಿ ಎಂದೇ ಹೇಳಿದ್ದು. ಅವನು ನಗಲಿಲ್ಲ.

"ಅರಬ್ಬಿ ಮಾತಾಡೋರು ಅತ್ತ ಕಡೆ ಇರೋರು," ಎಂದು ಗಡಿಯತ್ತ ಗದ್ದ ಎತ್ತಿದ. "ತೋಟದೊಳಗೆ ಯಾರನ್ನ ಕರೀತಿದ್ದೆ?"

ಅಷ್ಟರಲ್ಲಿ ಒಳಗೆ ತರಗೆಲೆ ಸರಸರ ಎಂದಿತು.

"ಖಾತೂನ್, ಯಾರೇ ಅದು ನಿನ್ನ ಜೊತೆ?" ಗುರ್ಜಿಯ ಗಟ್ಟಿ ದನಿ. ಅರಬ್ಬಿ.

ಬಂದೂಕು ಝೆಲಿಗನ ಹೆಗಲಿಗೇರಿತು. ಮಾತಾಡಬೇಡಿ ಎಂದು ಕೂಗಬೇಕು. ಕೂಗಿದರೆ ಅದೂ ಅರಬ್ಬಿಯೇ. ಗಂಡ ಎನ್ನುವುದಕ್ಕೆ ಹೀಬ್ರೂ ಮಾತು ಯಾವುದು? ನಿನ್ನೆಯಷ್ಟೇ ಮಗ ಹೇಳಿಕೊಟ್ಟಿದ್ದ ಪದ ನಾಲಿಗೆಯಿಂದ ಜಾರಿಹೋಯಿತು. ಮಗ ದಿನವಿಡೀ ಅಭ್ಯಾಸ ಮಾಡುತ್ತಿದ್ದ ಇನ್ನೊಂದು ಪದ ಸಿಕ್ಕಿತು.

"ಅಬ್ಬಾ!" ಎಂದು ಚೀರುತ್ತ ಆಕೆ ನಳಿಗೆಯ ಎದುರಿಗೇ ನಿಂತುಬಿಟ್ಟಳು. "ಅಬ್ಬಾ! ಅಬ್ಬಾ!"

ಅಪ್ಪ ಎಂದರ್ಥ. ಝೆಲಿಗನ ಬೆರಳು ತಡೆಯಿತು. ಕೊಂಬೆ ಸರಿಸಿ ಗುರ್ಜಿ ಹೊರಬಂದ, ತೋಳ ತುಂಬ ಪುಳ್ಳೆ. ಬಂದೂಕು ಕಂಡದ್ದೇ ಪುಳ್ಳೆಯೆಲ್ಲ ಕಾಲ ಮೇಲೆ ಉದುರಿತು.

ಝೆಲಿಗ್ ಬಂದೂಕು ಇಳಿಸಿದ. ಬೀಡಿಯಷ್ಟು ಸಣ್ಣದೊಂದು ಸಿಗರೇಟಿನ ತುಂಡಿಗೆ ಬೆಂಕಿ ಹಚ್ಚಲು ಹೋದ. ಕಡ್ಡಿ ಹತ್ತಲಿಲ್ಲ.

"ಇನ್ನೊಂದ್ಸಲ ಆ ಭಾಷೇಲಿ ಕೂಗಬೇಡಮ್ಮ," ಎಂದ. "ನಾನು ತಡೆದೆ. ನಾಳೆ ಕಾವಲಿಗೆ ಬೇರೆಯವನು ಬರ್ತಾನೆ."

ಮರುದಿನವೂ ಪುಳ್ಳೆ ಬೇಕಿತ್ತು. ಬೇಡವೆಂದರೂ ಕೇಳದೆ ಗುರ್ಜಿ ಹೋದ. ಹೊತ್ತು ಇಳಿಯಿತು. ಖಾತೂನ್ ತೋಟದ ಅಂಚಿಗೆ ಬಂದು ಬಾಯಿ ತೆರೆದಳು, ಮುಚ್ಚಿಕೊಂಡಳು. ದೂರದ ಬೇಲಿಗುಂಟ ಗುರುತಿಲ್ಲದ ಒಬ್ಬ ಕಾವಲುಗಾರ ನಡೆದು ಬರುತ್ತಿದ್ದ. ತೋಟದ ಒಳಗೆಲ್ಲೋ ಎಲೆಗಳು ಅಲುಗುತ್ತಿದ್ದವು.