ಫೋನು ಕೇಳಿದ್ದು ಇವತ್ತಿನ ಗೇಮೆ

ನಮ್ಮ ದೊಡ್ಡಗಾಜನೂರಿನಲ್ಲಿ ಐವತ್ತು ದಾಟಿದ ಹೆಂಗಸರು ನಾಲ್ಕು ಜನ ಸೇರಿದರೆ, ಮಾತು ಮಳೆಯಿಂದ ಶುರುವಾಗಿ ಮಂಡಿಗೆ ಬಂದು ನಿಲ್ಲುತ್ತದೆ. ಎಣ್ಣೆ ಹಚ್ಚಿದವರಿದ್ದಾರೆ, ಪಟ್ಟಿ ಕಟ್ಟಿದವರಿದ್ದಾರೆ, ಎಲ್ಲ ಬಿಟ್ಟು ಮಂಡಿಯನ್ನೇ ಬೈಯುತ್ತಾ ಕೂತವರೂ ಇದ್ದಾರೆ. ನನ್ನ ಪಕ್ಕದ ಮನೆಯ ಚನ್ನಮಲ್ಲಮ್ಮನವರು ಈ ಮೂರನ್ನೂ ಮಾಡಿದವರು. ತಮ್ಮ ಕಥೆಯನ್ನು ನಮ್ಮೂರ ಸಂಘದ ಸಭೆಯಲ್ಲಿ ಓದಿ ಎಂದು ಅವರೇ ನನಗೆ ಹೇಳಿದ್ದಾರೆ. ಹಾಗಾಗಿ ನಾನು ಏನನ್ನೂ ಮುಚ್ಚಿಡುವುದಿಲ್ಲ.

2019ರ ಯುಗಾದಿ ಕಳೆದ ಮೇಲಿನ ಮಾತು. ಅವರಿಗೆ ಐವತ್ತೆರಡು ವರ್ಷ, ತೂಕ ಎಪ್ಪತ್ತಾರು ಕೆ.ಜಿ. ನೆಲಕ್ಕೆ ಕೂರಲಾಗದೆ ಒಂದು ವರ್ಷದಿಂದ ಬೆಳಗಿನ ಲಿಂಗಪೂಜೆಯನ್ನು ಕುರ್ಚಿಯ ಮೇಲೆ ಮಾಡುತ್ತಿದ್ದರು.

"ಅಂಗೈಲಿ ಲಿಂಗ ಇಟ್ಕಂಡು ಕುರ್ಚಿ ಮ್ಯಾಲೆ ಕುಂತ್ರೆ ಬಸ್ನಲ್ಲಿ ಕುಂತಂಗೆ ಆಯ್ತದ ಕಣವ್ವ. ಮನ್ಸು ನಿಲ್ಲದಿಲ್ಲ," ಎಂದು ನನ್ನ ಹತ್ತಿರ ಎಷ್ಟೋ ಸಲ ಹೇಳಿ ನೊಂದುಕೊಂಡಿದ್ದರು.

ಚಾಮರಾಜನಗರದ ಡಾಕ್ಟರು ಐದಾರು ಕೆ.ಜಿ. ಇಳಿಸಿ ಎಂದರು. ಮಂಡಿಯ ಮೇಲಿನ ಭಾರ ಕಡಿಮೆಯಾದರೆ ನೆಲಕ್ಕೆ ಕೂರುವ ಆಸೆ ಇಟ್ಟುಕೊಳ್ಳಬಹುದು, ಏರುತ್ತಲೇ ಹೋದರೆ ನಡೆಯುವುದೂ ಕಷ್ಟ ಎಂದರು.

ಸೊಸೆ ಶ್ವೇತ ಕಾಲೇಜು ಓದಿದವಳು. ಅವಳ ಫೋನಿನಲ್ಲಿ ತೂಕ ಇಳಿಸುವವರಿಗೆಂದೇ ಒಂದು ಪ್ರೋಗ್ರಾಮು ಇತ್ತು. ತಿಂದದ್ದನ್ನು ಹಾಕಿದರೆ ಅದರಿಂದ ಎಷ್ಟು ಕ್ಯಾಲೊರಿ, ಅಂದರೆ ಮೈಗೆ ಎಷ್ಟು ಶಕ್ತಿ ಸೇರಿತು ಎಂದು ಹೇಳುತ್ತದೆ. ನಡೆದದ್ದನ್ನು, ದುಡಿದದ್ದನ್ನು ಹಾಕಿದರೆ ಖರ್ಚಾದ ಶಕ್ತಿಯನ್ನು ಲೆಕ್ಕ ಹಿಡಿದು, ಅಷ್ಟನ್ನು ಆ ದಿನದ ಊಟಕ್ಕೆ ಸೇರಿಸಿ ಕೊಡುತ್ತದೆ. ಮೊದಲ ದಿನ ಅದು ಒಂದು ಪ್ರಶ್ನೆ ಕೇಳಿತು. ನಿಮ್ಮ ದಿನದ ಕೆಲಸ ಎಂಥದು? ಕೂತು ಮಾಡುವುದೋ, ಹಗುರಾಗಿ ಓಡಾಡಿ ಮಾಡುವುದೋ, ಮೈಮುರಿದು ದುಡಿಯುವುದೋ?

"ಏನ್ ಆಕ್ಲಿ ಅತ್ತೆ?" ಎಂದಳು ಶ್ವೇತ.

"ಇದೇನ್ ಕೇಳಿಯೆ ಮಗ? ಒಲದೋರು ನಾವು. ಗೇಮೆ ಅಂತ ಆಕು."

ಗೇಮೆ ಎಂದರೆ ನಮ್ಮಲ್ಲಿ ಹೊಲದ ಮೈಮುರಿಯುವ ದುಡಿಮೆ. ಶ್ವೇತ ಒಂದು ಗಳಿಗೆ ಅತ್ತೆಯ ಮುಖ ನೋಡಿದಳು. ಆಮೇಲೆ ಮೂರನೆಯದನ್ನೇ ಒತ್ತಿದಳು. ದಿನಕ್ಕೆ ಸಾವಿರದ ಎಂಟುನೂರು ಕ್ಯಾಲೊರಿ ತಿಂದರೂ ತೂಕ ಇಳಿಯುತ್ತದೆ ಎಂದಿತು ಫೋನು.

ಅಲ್ಲಿಂದ ದಿನಾ ಸಾಯಂಕಾಲ ಜಗಲಿಯ ಮೇಲೆ ಅತ್ತೆ ಸೊಸೆಗೆ ದಿನದ ಲೆಕ್ಕ ಒಪ್ಪಿಸುವುದು ಶುರುವಾಯಿತು.

"ಕೊಟ್ಟಿಗೆ ಕೆಲ್ಸ ಆಯ್ತು. ಬೀನ್ಸ್ ಒಲದ ಕಳೆ ಆಯ್ತು. ಕೆರೆ ಏರಿಗಂಟ ನಡ್ದಿ."

ಶ್ವೇತ ಮೂರನ್ನೂ ಹಾಕುವಳು. "ಇನ್ನೂ ನಾನೂರು ಮಿಕ್ಕದ ಅತ್ತೆ."

"ಮಿಕ್ಕದ್ದ ಯಾಕೆ ಬುಡದು?" ಎನ್ನುತ್ತಾ ಅವರು ಡಬ್ಬದಿಂದ ಎರಡು ಕಜ್ಜಾಯ ತೆಗೆಯುವರು. ಸುಳ್ಳು ಯಾಕೆ, ನಾನೂ ಜೊತೆಗೆ ಕೂತು ತಿಂದಿದ್ದೇನೆ.

ಒಂದು ತಿಂಗಳಾಯಿತು. ನಮ್ಮೂರಿನ ಆರೋಗ್ಯ ಉಪಕೇಂದ್ರಕ್ಕೆ ಬರುವ ನರ್ಸು ಪರಿಮಳ, ಜೀರಹಳ್ಳಿಯ ಹುಡುಗಿ. ಅವಳ ತೂಕದ ಮಿಷನ್ ಮೇಲೆ ಚನ್ನಮಲ್ಲಮ್ಮನವರು ಚಪ್ಪಲಿ ಬಿಟ್ಟು, ಉಸಿರು ಬಿಗಿಹಿಡಿದು ನಿಂತರು. ನಾನು, ಶ್ವೇತ ಬಗ್ಗಿ ನೋಡಿದೆವು. ಎಪ್ಪತ್ತೇಳು. ಒಂದು ಕೆ.ಜಿ. ಏರಿತ್ತು.

ಅವರ ಕಣ್ಣಲ್ಲಿ ನೀರು ಬಂತು. "ನಾಳಿಂದ ಊಟನೇ ಬುಟ್ಬುಡ್ತಿನಿ," ಎಂದರು.

"ಊಟ ಬುಟ್ರೆ ತಲೆ ಸುತ್ತಿ ಬೀಳ್ತೀರಿ ಅಮ್ಮ. ಶ್ವೇತ, ಆ ಫೋನ್ ಕೊಡು. ಕಣಕ್ಕು ಎಲ್ಲಿ ತಪ್ಪದ ನೋಡ್ತಿನಿ," ಎಂದು ಪರಿಮಳ ಲೆಕ್ಕ ನೋಡಲು ಫೋನು ತೆಗೆದುಕೊಂಡಳು. ಒಂದೊಂದೇ ದಿನ ನೋಡುತ್ತಾ ಹೋದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಕಳೆ ನೀವು ಕಿತ್ರಾ ಅಮ್ಮ, ಕೀಳ್ಸಿದ್ರಾ?"

ಚನ್ನಮಲ್ಲಮ್ಮನವರು ಸೆರಗಿನ ತುದಿ ಸುತ್ತುತ್ತಾ ನಿಂತರು. "ಕೀಳ್ಸ್ದಿ. ಮಂಡಿ ಬಗ್ಗದಿಲ್ಲ. ನಾನು ಬದಿನ ಮ್ಯಾಲೆ ಕುಂತಿರ್ತಿನಿ, ಚೌಡಮ್ಮ ಕೀಳ್ತಾಳ."

"ಕೊಟ್ಟಿಗೆ?"

"ಅದೂ ಅವಳೇ."

"ಮತ್ತೆ ಇಲ್ಲಿ ಗೇಮೆ ಅಂತ ಯಾಕ್ ಆಕ್ಸಿದ್ರಿ?"

"ಮೂವತ್ತು ವರ್ಸ ಗೇದೋಳು ನಾನು, ನರ್ಸಮ್ಮ. ಈಗ ಕುಂತು ಉಣ್ಣೋಳು ಅಂತ ಎಂಗೆ ಬರ್ಸ್ಲಿ?"

ಚೌಡಮ್ಮ ಅವರ ಹೊಲದಲ್ಲಿ ಇಪ್ಪತ್ತು ವರ್ಷದಿಂದ ಕೂಲಿ ಮಾಡುವವಳು, ಬಿ.ಪಿ. ಮಾತ್ರೆಗೆಂದು ಬಂದು ಹಿಂದೆಯೇ ನಿಂತಿದ್ದಳು. ಅವಳು ಮುಂದೆ ಬಂದಳು.

"ನೀವು ಗೇದದ್ದ ನಾನ್ ಕಂಡಿವ್ನಿ ಅಮ್ಮೋರೆ. ಒಂದೇ ಸಾಲ್ನಲ್ಲಿ ಬಗ್ಗಿ ಕಳೆ ಕಿತ್ತೋರು ನಾವಿಬ್ರು. ಅದ್ಕೆ ಫೋನ್ ಸಾಕ್ಸಿ ಯಾಕೆ ಬೇಕು?"

ಪರಿಮಳ ಅವರ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದಳು. "ಫೋನು ಕೇಳದು ಇವತ್ತು ಮೈ ಎಷ್ಟು ದುಡೀತು ಅಂತ ಮಾತ್ರ ಅಮ್ಮ. ಗೇಮೆ ಅಂತ ಆಕ್ದಾಗ್ಲೇ ಕಳೆ, ಕೊಟ್ಟಿಗೆ ಎಲ್ಲ ಸೇರ್ಸಿ ಅದು ಸಾವಿರದ ಎಂಟ್ನೂರು ಕೊಟ್ಟದ. ಸಾಯಂಕಾಲ ಅದ್ನೇ ಮತ್ತೆ ಆಕಿದ್ರೆ ಒಂದು ಕೆಲ್ಸಕ್ಕೆ ಎರಡು ಸಲ ಉಂಡಂಗಾಯ್ತು. ಅದೂ ಚೌಡಮ್ಮ ಮಾಡಿದ್ ಕೆಲ್ಸಕ್ಕೆ."

"ಅದ್ಕೇ ನಾನ್ ಇಂಗೆ ಒಣಗೋಗಿವ್ನಿ," ಎಂದಳು ಚೌಡಮ್ಮ. ಚನ್ನಮಲ್ಲಮ್ಮನವರು ಕಣ್ಣೊರೆಸಿಕೊಳ್ಳುತ್ತಲೇ ನಕ್ಕುಬಿಟ್ಟರು. "ಆಕವ್ವ, ಇರದ್ನೇ ಆಕು," ಎಂದು ಸೊಸೆಗೆ ಹೇಳಿದರು.

ಶ್ವೇತ ಗೇಮೆ ತೆಗೆದು ಹಗುರಾದ ಓಡಾಟ ಎಂದು ಹಾಕಿದಳು. ಫೋನು ಸಾವಿರದ ನಾನೂರಕ್ಕೆ ಇಳಿಯಿತು. ಅಡುಗೆ, ಕಸಗುಡಿಸುವುದು ಅದರಲ್ಲೇ ಸೇರಿದೆ, ಬೇರೆ ಹಾಕಬೇಡಿ ಎಂದಳು ಪರಿಮಳ. ಕೆರೆ ಏರಿಯ ನಡಿಗೆಯೊಂದನ್ನು ಹಾಕಿದರೆ ಸಾಕು. ಅದಕ್ಕೆ ಫೋನು ಇನ್ನೂರು ಕೊಡುತ್ತಿತ್ತು.

"ಅದ್ರಲ್ಲೂ ಅರ್ಧ ನಂಬಿ. ಆ ಒತ್ನಲ್ಲಿ ಮನೇಲಿ ಕುಂತಿದ್ರೂ ಮೈ ಒಸಿ ಖರ್ಚು ಮಾಡ್ತಿತ್ತು, ಫೋನು ಅದ್ನೂ ಸೇರ್ಸಿರ್ತದ. ಅಸಿವಾದ್ರೆ ನೂರರಷ್ಟು ತಿನ್ನಿ. ಅಸಿವಿಲ್ದಿದ್ರೆ ಬುಡಿ."

"ನೂರು ಅಂದ್ರೆ ಏನು?"

"ಒಂದು ಬಾಳೆಹಣ್ಣು."

"ಕಜ್ಜಾಯ?"

"ಅರ್ಧ."

"ಅರ್ಧ ಕಜ್ಜಾಯಕ್ಕೆ ಯಾರ್ ನಿಲ್ಸಾರು?"

"ಅದ್ಕೇ ಬಾಳೆಹಣ್ಣು ಅಂದಿ," ಎಂದಳು ಪರಿಮಳ.

ಮೊದಲ ತಿಂಗಳು ಒಂದೂವರೆ ಕೆ.ಜಿ. ಇಳಿಯಿತು. ಗೌರಿ ಹಬ್ಬದ ತಿಂಗಳು ಇದ್ದಲ್ಲೇ ನಿಂತಿತು, ಯಾಕೆಂದು ಹೇಳಬೇಕಾಗಿಲ್ಲ. ಚನ್ನಮಲ್ಲಮ್ಮನವರು ಬೇಜಾರಾದರೂ ಬಿಡಲಿಲ್ಲ. ಮುಂಜಾನೆ ನಡೆದರು, ತಿಂದದ್ದನ್ನು ತಿಂದ ಹಾಗೇ ಹೇಳಿದರು. ಕಾರ್ತಿಕದ ಹೊತ್ತಿಗೆ ಮಿಷನ್ ಎಪ್ಪತ್ತೊಂದು ತೋರಿಸಿತು.

ಮುಂದಿನ ಸೋಮವಾರ ಬೆಳಿಗ್ಗೆ ಶ್ವೇತ ಗೋಡೆಯಾಚೆಯಿಂದ ನನ್ನನ್ನು ಕೈಬೀಸಿ ಕರೆದಳು. ಹೋಗಿ ನೋಡಿದರೆ ಚನ್ನಮಲ್ಲಮ್ಮನವರು ಚಾಪೆ ಹಾಸಿಕೊಂಡಿದ್ದರು. ಗೋಡೆಗೆ ಒಂದು ಕೈ ಕೊಟ್ಟು, ಮಂಡಿಯನ್ನು ಮೆಲ್ಲಗೆ ಮಡಿಸುತ್ತಾ ಮಡಿಸುತ್ತಾ ನೆಲಕ್ಕೆ ಕೂತರು. ಅಂಗೈಯಲ್ಲಿ ಲಿಂಗವಿಟ್ಟು ಕಣ್ಣು ಮುಚ್ಚಿದವರು ಅರ್ಧ ಗಂಟೆಯಾದರೂ ತೆರೆಯಲಿಲ್ಲ. ಕಾಫಿ ಆರಿಹೋಯಿತು, ನಾವಿಬ್ಬರೂ ಕರೆಯಲಿಲ್ಲ.

ಕೊನೆಗೆ ಕಣ್ಣು ಬಿಟ್ಟು, "ಏಳಕ್ಕೆ ಒಸಿ ಕೈ ಕೊಡವ್ವ," ಎಂದರು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ತೂಕದ ಲೆಕ್ಕವನ್ನು ನೀವು ಫೋನಿನಲ್ಲಿ ಇಡಿ, ನೋಟ್ ಪುಸ್ತಕದಲ್ಲಿ ಇಡಿ, ಮೊದಲು ನಿಮ್ಮ ಈಗಿನ ಕೆಲಸ ಎಷ್ಟೋ ಅಷ್ಟನ್ನೇ ಹೇಳಿ. ದಿನದ ಕೆಲಸದಲ್ಲಿ ಸೇರಿದ್ದನ್ನು ವ್ಯಾಯಾಮ ಎಂದು ಮತ್ತೆ ಬರೆಯಬೇಡಿ. ನಡೆದದ್ದಕ್ಕೆ ಸಿಕ್ಕಿದ ಕ್ಯಾಲೊರಿಯನ್ನು ಪೂರಾ ತಿಂದು ಮುಗಿಸಬೇಡಿ, ಅರ್ಧಕ್ಕೆ ನಿಲ್ಲಿಸಿ. ತಿಂಗಳಿಗೊಮ್ಮೆ ತೂಕ ನೋಡಿಸಿ, ಸುಸ್ತಾಗುತ್ತಿದ್ದರೆ ನರ್ಸಿಗೆ ತಿಳಿಸಿ. ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಕಡಿಮೆ ಮಾಡಬೇಡಿ. ಮಾಡದ ಕೆಲಸವನ್ನು ಬರೆಸಿದರೆ ಫೋನಿಗೆ ಏನೂ ಆಗುವುದಿಲ್ಲ. ನೋಯುವುದು ನಿಮ್ಮ ಮಂಡಿಯೇ.